ಬಿದ್ದುಹೋದ ಹಕಾರ

ನನಗೆ ತಿದ್ದುವ ಚಟ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಇನ್ನೊಬ್ಬರ ಕನ್ನಡ. ಬೊಂಬಾಯಿಯ ಮಾಟುಂಗದ ಒಂದು ಕನ್ನಡ ಸಂಘದ ಮಾಸಪತ್ರಿಕೆಗೆ ಇಪ್ಪತ್ತು ವರ್ಷದಿಂದ ಪುಕ್ಕಟೆಯಾಗಿ ಕರಡು ತಿದ್ದಿಕೊಡುತ್ತಿದ್ದೇನೆ. ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ಹುಡುಗ ಹುಡುಗಿಯ ಹೆಸರು ನೋಡುವ ಮೊದಲೇ ‘ಆಶೀರ್ವಾದ’ ಎಂಬುದನ್ನು ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡುತ್ತೇನೆ. ಒಂದು ಉಡುಪಿ ಹೋಟೆಲಿನ ಬೋರ್ಡಿನಲ್ಲಿ ‘ಸುಚಿ’ ಎಂದಿದೆ, ಅದು ‘ಶುಚಿ’ ಆಗಬೇಕು ಎಂದು ಅಲ್ಲಿನ ಯಜಮಾನರಿಗೆ ಮೂರು ಸಲ ಹೇಳಿದ್ದೆ. ನಾಲ್ಕನೇ ಸಲ ಹೋದಾಗ ಅವರು ನನ್ನನ್ನು ಕಂಡವರೇ ಫೋನ್ ಕಿವಿಗಿಟ್ಟುಕೊಂಡು ಗಲ್ಲಾ ಬಿಟ್ಟು ಅಡುಗೆಮನೆಗೆ ಎದ್ದುಹೋದರು.

ಮನೆಯಲ್ಲಿ ನನ್ನ ಗಂಡ ಮಾತು ಕಡಿಮೆ ಮಾಡಿ ಬಚಾವಾದರು. ಮಗಳು ಬೇರೆ ದಾರಿ ಹಿಡಿದಳು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನೆಂಟರ ಮುಂದೆ ‘ತಾತ ಬಂದಳು’ ಅಂದುಬಿಟ್ಟಳು. ಎಲ್ಲರೂ ನಕ್ಕು ಮರೆತರು. ನಾನು ಮರೆಯಲಿಲ್ಲ. ಅಲ್ಲೇ ನಿಲ್ಲಿಸಿ ‘ತಾತ ಬಂದರು’ ಎಂದು ಐದು ಸಲ ಹೇಳಿಸಿದೆ. ಅವಳು ಐದು ಸಲವೂ ಹೇಳಿದಳು, ಆಮೇಲೆ ನನ್ನ ಜೊತೆ ಕನ್ನಡ ನಿಲ್ಲಿಸಿದಳು. ಈಗ ಅವಳಿಗೆ ಇಪ್ಪತ್ತೈದು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ನಮ್ಮ ಮುಲುಂಡಿನ ಫ್ಲ್ಯಾಟಿನಲ್ಲಿ ಹತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿತ್ತು. ನನಗೆ ಬೇಜಾರಿತ್ತು, ಆದರೆ ತಪ್ಪು ಅವಳದೇ ಎಂದುಕೊಂಡಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದ ವಾರ ನನ್ನ ಅಮ್ಮನಿಗೆ ಸ್ಟ್ರೋಕ್ ಆಯಿತು. ಅಮ್ಮನಿಗೆ ಎಪ್ಪತ್ತೊಂಬತ್ತು. ಮದುವೆಯಾಗಿ ಮಂಡ್ಯದ ಕಡೆಯ ಹಳ್ಳಿಯಿಂದ ಮಾಟುಂಗಕ್ಕೆ ಬಂದವಳು ಅರವತ್ತು ವರ್ಷದಿಂದ ಅಲ್ಲೇ ಒಂದು ಹಳೇ ಬಿಲ್ಡಿಂಗಿನಲ್ಲಿದ್ದಳು, ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ. ಬಲಗೈ ಸೋತಿತು, ಬಾಯಿ ಸ್ವಲ್ಪ ವಾರೆಯಾಯಿತು, ಮಾತು ಕೆಟ್ಟಿತು. ಎರಡು ವಾರ ಆಸ್ಪತ್ರೆಯಲ್ಲಿಟ್ಟುಕೊಂಡು, ಜೀವಕ್ಕೆ ಭಯವಿಲ್ಲ ಎಂದು ಹೇಳಿ ಕಳಿಸಿದರು. ನಾನು ಅವಳನ್ನು ಮುಲುಂಡಿಗೆ ಕರೆದುಕೊಂಡು ಬಂದೆ. ಕಿಟಕಿಯ ಹೊರಗೆ ಅರಳಿಮರವಿರುವ ಕೋಣೆಯನ್ನು ಅವಳಿಗೆ ಕೊಟ್ಟೆವು.

ಅಮ್ಮನಿಗೆ ಎಲ್ಲ ಅರ್ಥವಾಗುತ್ತಿತ್ತು. ಬೇಕಾದ ಪದ ಬೇಕಾದ ಹೊತ್ತಿಗೆ ಸಿಗುತ್ತಿರಲಿಲ್ಲ, ಅಷ್ಟೆ. ಚಮಚ ಬೇಕಾದರೆ ‘ಕಿಟಕಿ’ ಅನ್ನುವಳು. ಅದು ತಪ್ಪು ಎಂದು ಅವಳಿಗೇ ಗೊತ್ತಾಗುತ್ತಿತ್ತು. ತಲೆ ಕೊಡವಿ ಮತ್ತೆ ಹುಡುಕುವಳು, ಸಿಗದಿದ್ದಾಗ ಕಣ್ಣು ಮುಚ್ಚಿಕೊಂಡು ಬಿಡುವಳು. ಸ್ಪೀಚ್ ಥೆರಪಿಗೆ ಕನ್ನಡ ಬಲ್ಲವರನ್ನು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ನಮ್ಮ ಹತ್ತಿರದಲ್ಲೇ ಇದ್ದ ಒಬ್ಬ ಮರಾಠಿ ಹುಡುಗಿಯನ್ನು ಗೊತ್ತುಮಾಡಿದೆವು. ವಾರಕ್ಕೆರಡು ಸಲ ಬರುತ್ತಿದ್ದಳು. ಮೊದಲ ದಿನವೇ ನನ್ನನ್ನು ನಡುಮನೆಗೆ ಕರೆದು ಮೆಲ್ಲಗೆ ಹೇಳಿದಳು: ಮೊದಲಿನ ಕೆಲವು ತಿಂಗಳು ಬಹಳ ಮುಖ್ಯ. ಅವರು ಮಾತಾಡಲು ಪ್ರಯತ್ನ ಮಾಡುತ್ತಿರಬೇಕು. ಪ್ರಯತ್ನವನ್ನೇ ಬಿಟ್ಟರೆ ಆಮೇಲೆ ಮಾತು ತರಿಸುವುದು ಕಷ್ಟ.

“ಉನ್ಕೀ ಭಾಷಾ ಮೇ ಬಾತ್ ಕೀಜಿಯೆ, ಆಂಟಿ,” ಅಂದಳು. “ರೋಜ್. ಜಿತ್ನಾ ಹೋ ಸಕೇ.”

ಅವರ ಭಾಷೆಯಲ್ಲಿ ಮಾತಾಡಿಸಿ, ದಿನಾ, ಆದಷ್ಟೂ. ಇದಕ್ಕೆ ನನಗಿಂತ ಯೋಗ್ಯರು ಈ ಊರಿನಲ್ಲಿ ಯಾರಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಬೀಗಿದೆ.

ನನ್ನ ಕಿವಿಗೆ ಮೊದಲು ಬಿದ್ದದ್ದು ತಪ್ಪು ಪದಗಳಲ್ಲ, ಹಕಾರ. ಅಮ್ಮನ ಬಾಯಿಂದ ‘ಹ’ ಮಾಯವಾಗಿತ್ತು. ಹಾಲಿಗೆ ‘ಆಲು’ ಅನ್ನುತ್ತಿದ್ದಳು, ಹಣ್ಣಿಗೆ ‘ಅಣ್ಣು’. ಹಸಿವಾದರೆ ಹೊಟ್ಟೆ ಮುಟ್ಟಿಕೊಂಡು “ಒಟ್ಟೆ... ಒಟ್ಟೆ...” ಅನ್ನುವಳು. ಬೇರೆಯವರಿಗೆ ಇದು ಏನೂ ಅನ್ನಿಸದಿರಬಹುದು, ನನಗೆ ಎದೆ ಧಸಕ್ ಅಂದಿತು. ಏಕೆಂದರೆ ನನಗೆ ‘ಹ’ ಕಲಿಸಿದವಳು ಇದೇ ಅಮ್ಮ. ಮಾಟುಂಗದ ಮನೆಯ ಮೊಗಸಾಲೆಯಲ್ಲಿ ನನ್ನ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು, “ಹ ಅಂದರೆ ಕೈಗೆ ಬಿಸಿ ಗಾಳಿ ತಾಗಬೇಕು. ತಾಗಿತಾ? ಇನ್ನೊಂದು ಸಲ ಹೇಳು,” ಎಂದು ಸಂಜೆಗಟ್ಟಲೆ ಹೇಳಿಸಿದವಳು. ಬಿಲ್ಡಿಂಗಿನ ಮಕ್ಕಳ ಜೊತೆ ಆಡಿ ಬಂದು ಒಂದು ಹಿಂದಿ ಪದ ಹೊಸ್ತಿಲು ದಾಟಿಸಿದರೆ ಊಟಕ್ಕೆ ಕೂಡಿಸುತ್ತಿರಲಿಲ್ಲ. ಅಂಥವಳ ನಾಲಿಗೆಯಿಂದ ಒಂದು ಅಕ್ಷರ ಪೂರ್ತಿ ಬಿದ್ದುಹೋಗಿದೆ ಎಂದರೆ ಕಾಯಿಲೆ ನಾನಂದುಕೊಂಡದ್ದಕ್ಕಿಂತ ದೊಡ್ಡದು ಎಂದು ತೀರ್ಮಾನಿಸಿದೆ.

ಥೆರಪಿಯ ಹುಡುಗಿಗೆ ಹಾಗೆಯೇ ಹೇಳಿದೆ. ಅವಳಿಗೆ ಕನ್ನಡ ಬಾರದು. ನಾನು ಹೇಳಿದ್ದನ್ನು ನಂಬಿ ಉಸಿರಿನ ಒಂದೆರಡು ಅಭ್ಯಾಸ ತೋರಿಸಿಕೊಟ್ಟಳು. ಬಾಯಿಯ ಮುಂದೆ ತೆಳ್ಳಗಿನ ಕಾಗದ ಹಿಡಿದು ‘ಹಾ’ ಅನ್ನಿಸಬೇಕು, ಕಾಗದ ಅಲ್ಲಾಡಬೇಕು. ದಿನಕ್ಕೆ ಐದು ನಿಮಿಷ ಸಾಕು ಅಂದಿದ್ದಳು. ನಾನು ಅದನ್ನು ಒಂದು ಗಂಟೆ ಮಾಡಿದೆ. ಮನೆಯ ತುಂಬ ಹಕಾರದ ಪದಗಳ ಚೀಟಿ ಅಂಟಿಸಿದೆ. ಫ್ರಿಜ್ಜಿನ ಮೇಲೆ, ಬಾಗಿಲ ಮೇಲೆ, ಗಡಿಯಾರದ ಕೆಳಗೆ, ಅಮ್ಮನ ಹಾಸಿಗೆಯ ತಲೆದಿಂಬಿನ ಮೇಲೂ ಒಂದು. ಇನ್ನೂರು ಪುಟದ ನೋಟ್‌ಬುಕ್ ತಂದು ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಎಂದು ಗೆರೆ ಹಾಕಿದೆ. ಕರಡು ತಿದ್ದುವ ಕೆಂಪು ಪೆನ್ನು ಕೈಯಲ್ಲೇ ಇತ್ತು.

ಬೆಳಗ್ಗೆ ಹತ್ತಕ್ಕೆ ಪಾಠ. ನಾನು ಕುರ್ಚಿ ಎಳೆದುಕೊಂಡು ಕೂತರೆ ಅಮ್ಮನ ಎಡಗೈ ಹೊದಿಕೆಯ ಅಂಚನ್ನು ಹಿಡಿಯುತ್ತಿತ್ತು. ಕತ್ತಿನ ನರ ಉಬ್ಬುತ್ತಿತ್ತು. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಪೆನ್ನಿನ ತುದಿ ನೋಡುತ್ತಿದ್ದಳು. ‘ಹೂವು’ ಎಂದು ನಾನು ಹೇಳಿದರೆ ತುಟಿ ಎರಡು ಸಲ ಅಲ್ಲಾಡಿ “ಊ...” ಎಂದು ಬರುವುದು. ಪೆನ್ನು ಕಾಗದಕ್ಕೆ ತಾಗುವುದು. ಕಿಟಕಿಯಾಚೆ ಅರಳಿಮರ ಹಳೆ ಎಲೆಯನ್ನೆಲ್ಲ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಡುತ್ತಿತ್ತು, ಕೋಗಿಲೆ ಬೇರೆ ಒಂದೇ ಸಮನೆ ಕೂಗುತ್ತಿತ್ತು. ಅಮ್ಮನ ಕಣ್ಣು ಅತ್ತ ಹೋದರೆ ನಾನು “ಅಮ್ಮ, ಇಲ್ಲಿ ನೋಡು” ಅನ್ನುತ್ತಿದ್ದೆ.

ಮಗಳು ಮನೆಯಿಂದಲೇ ಕೆಲಸ ಮಾಡುವವಳು. ಒಮ್ಮೆ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, “ಮಮ್ಮಿ, ಬಸ್ ಕರೋ ನಾ, ಥಕ್ ಗಯೀ ಹೈ ವೋ,” ಅಂದಳು. ಸುಸ್ತಾದರೆ ಅಮ್ಮನೇ ಹೇಳುತ್ತಾಳೆ ಎಂದೆ. ಹೇಳಲು ಅಮ್ಮನಿಗೆ ಬಾಯಿ ಬರುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಊರಿನಿಂದ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಚಿಕ್ಕಮ್ಮ ಊರಲ್ಲೇ ಉಳಿದವಳು. ಅವಳ ಮಾತಿನಲ್ಲಿ ‘ಹ’ ಮೊದಲಿನಿಂದಲೂ ಇಲ್ಲ. “ಅಕ್ಕನ್ಗೆ ಒಂದ್ ಗಳ್ಗೆ ಕೊಡು ಮಗ” ಎಂದು ಪ್ರತಿ ಸಲ ಕೇಳುವಳು. “ಮಲಗಿದ್ದಾಳೆ ಚಿಕ್ಕಮ್ಮ, ಸುಸ್ತಾಗಿದೆ” ಎಂದು ನಾನು ಪ್ರತಿ ಸಲ ಇಟ್ಟುಬಿಡುತ್ತಿದ್ದೆ. ನಾನು ಕಷ್ಟಪಟ್ಟು ‘ಹ’ ತರಿಸುತ್ತಿರುವಾಗ ಅಮ್ಮನ ಕಿವಿಗೆ ಆ ಹಳ್ಳಿ ಮಾತು ಬೀಳದಿರಲಿ ಎಂಬುದು ನನ್ನ ಲೆಕ್ಕಾಚಾರ. ಅಕ್ಕ ತಂಗಿಯರ ನಡುವೆ ಹೀಗೆ ಅಡ್ಡ ನಿಂತಿದ್ದೆನೆಂದು ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಶಿವರಾತ್ರಿ ಮುಗಿದ ಮಾರನೇ ದಿನ. ಬಿಸಿಲು ಆಗಲೇ ಏರಿತ್ತು. ಪಾಠ ಮುಗಿಯುವ ಹೊತ್ತಿಗೆ ಅಮ್ಮ ನನ್ನ ಕೈಯಲ್ಲಿದ್ದ ಲೋಟದತ್ತ ನೋಡಿ “ಆಲು” ಅಂದಳು. ಬೆಳಗಿನಿಂದ ಅವಳು ಏನೂ ಕುಡಿದಿರಲಿಲ್ಲ. ಲೋಟ ಅವಳ ಬಾಯಿಂದ ಒಂದು ಗೇಣು ದೂರದಲ್ಲಿತ್ತು. ಕೊಡಬಹುದಿತ್ತು. ನಾನು ಕೊಡಲಿಲ್ಲ.

“ಹಾಲು ಅನ್ನಮ್ಮ. ಹಾ. ಹಾಲು.”

“ಆಲು.”

“ಅಲ್ಲ. ನೋಡು ನನ್ನ ಬಾಯಿ. ಹಾ...”

ಅಮ್ಮ ಬಾಯಿ ತೆರೆದಳು. ಒಣಗಿದ ನಾಲಿಗೆ ಕಾಣಿಸಿತು. ಉಸಿರು ಎಳೆದುಕೊಂಡಳು, ಎದೆ ಏರಿತು, “ಆ...” ಎಂದು ಅಷ್ಟೇ ಬಂದಿತು. ನಾನು ಲೋಟವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಮುಂದಕ್ಕೂ ಚಾಚಲಿಲ್ಲ. “ಒಂದೇ ಒಂದು ಸಲ ಸರಿಯಾಗಿ ಹೇಳು, ಕೊಡ್ತೀನಿ,” ಎಂದೆ. ಆ ಮಾತು ನನ್ನ ಬಾಯಿಂದ ಹೊರಬಿದ್ದಾಗ ಅದನ್ನು ಮೊದಲೆಲ್ಲೋ ಕೇಳಿದ್ದೇನೆ ಅನ್ನಿಸಿತು. ಅಷ್ಟರಲ್ಲಿ ಅಮ್ಮನ ಎಡಗೈ ಎದ್ದು ಲೋಟಕ್ಕೆ ಬಡಿಯಿತು. ಹಾಲೆಲ್ಲ ಹೊದಿಕೆಯ ಮೇಲೆ, ನೋಟ್‌ಬುಕ್ಕಿನ ಮೇಲೆ, ನನ್ನ ಸೀರೆಯ ಮೇಲೆ ಚೆಲ್ಲಿತು. ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ತುಟಿ ಬಿಗಿದಳು.

ಹೊದಿಕೆ ನೆನೆಹಾಕುತ್ತ ಬಚ್ಚಲಲ್ಲಿ ಕೂತಾಗ ನೆನಪಾಯಿತು. ನನಗೆ ಆರೋ ಏಳೋ ವರ್ಷ. ಜ್ವರ ಕಾದ ಹಂಚಿನ ಹಾಗಿತ್ತು. ನಾನು ‘ಪಾನಿ’ ಅಂದೆ. ಅಮ್ಮ ಲೋಟ ಹಿಡಿದು ಹಾಸಿಗೆಯ ಪಕ್ಕ ನಿಂತಿದ್ದಳು. “ನೀರು ಅನ್ನು. ಒಂದೇ ಸಲ ಸರಿಯಾಗಿ ಹೇಳು, ಕೊಡ್ತೀನಿ.” ನಾನು ಹೇಳಿದೆ, ಅವಳು ಕೊಟ್ಟಳು. ಈ ಕಥೆಯನ್ನು ನಾನು ಸಂಘದ ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ, ನನ್ನ ಕನ್ನಡ ಹೀಗೆ ಉಳಿಯಿತು ಎಂದು. ಆ ಹೊತ್ತಿನ ಬಾಯಾರಿಕೆ ಹೇಗಿತ್ತೆಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅಂದಿನಿಂದ ಅಮ್ಮ ನನ್ನ ಜೊತೆ ಮಾತು ನಿಲ್ಲಿಸಿದಳು. ತಪ್ಪು ಮಾತೂ ಇಲ್ಲ, ಅರ್ಧ ಮಾತೂ ಇಲ್ಲ. ಏನು ಬೇಕೆಂದು ಕೇಳಿದರೆ ಎಡಗೈ ತೋರಿಸುವಳು. ಬೇಡವಾದರೆ ಕಣ್ಣು ಮುಚ್ಚುವಳು. ಎರಡು ದಿನ ಮುನಿಸು ಅಂದುಕೊಂಡೆ. ಐದನೇ ದಿನ ಪಾಠ ಬಿಟ್ಟು ರಮಿಸಿದೆ, ಹಳೆಯ ವಿಷಯ ತೆಗೆದೆ, ಅವಳಿಗೆ ಇಷ್ಟವಾದ ಗೊಜ್ಜು ಮಾಡಿ ತಿನ್ನಿಸಿದೆ. ಗೊಜ್ಜು ತಿಂದಳು. ಹೇಗಿದೆ ಅಂದರೆ ಬಟ್ಟಲು ನೋಡಿದಳು. ಥೆರಪಿಯ ಹುಡುಗಿ ಬಂದಾಗ ಅವಳ ಮುಂದೆಯೂ ಬಾಯಿ ತೆರೆಯಲಿಲ್ಲ, ಏಕೆಂದರೆ ನಾನು ಪಕ್ಕದಲ್ಲೇ ನಿಂತಿದ್ದೆ. ಹುಡುಗಿಯ ಮುಖದಲ್ಲಿ ಗಾಬರಿ ಕಂಡೆ. “ಯೇ ಅಚ್ಛಾ ನಹೀ ಹೈ, ಆಂಟಿ,” ಅಂದಳು. ಹೀಗೇ ಮುಂದುವರಿದರೆ ಇರುವ ಮಾತೂ ಹೋಗುತ್ತದೆಯೇ ಎಂದು ಕೇಳಿದೆ. ಅವಳು ಮುಂದಿನ ಸಲ ನೋಡೋಣ ಎಂದು ಚೀಲ ಎತ್ತಿಕೊಂಡಳು.

ನನಗೆ ಹೆದರಿಕೆ ಹತ್ತಿತು. ಸುಳ್ಳೇಕೆ, ಅಮ್ಮ ಸತ್ತರೆ ಎಂಬ ಹೆದರಿಕೆಗಿಂತ ಅದು ದೊಡ್ಡದಿತ್ತು. ಅಮ್ಮ ಇನ್ನೂ ಹತ್ತು ವರ್ಷ ಈ ಕೋಣೆಯಲ್ಲೇ ಇದ್ದು, ನನ್ನನ್ನು ನೋಡಿದಾಗಲೆಲ್ಲ ಬಾಯಿ ಮುಚ್ಚಿಕೊಂಡೇ ಇದ್ದುಬಿಟ್ಟರೆ? ಆ ಬಾಯಿ ಮುಚ್ಚಿಸಿದವಳು ನಾನೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಅವಳ ಮಗ್ಗುಲಲ್ಲಿ ಕೂತು, “ಹಾಲು ಬೇಡ ಬಿಡು, ಹೂವು ಅನ್ನು ನೋಡೋಣ” ಎಂದೆ. ಚಟ ಅಂದರೆ ಹಾಗೆ.

ಹೋಳಿ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ತರಕಾರಿಗೆ ಹೋದವಳು ಚೀಲ ಮರೆತೆನೆಂದು ಅರ್ಧ ದಾರಿಯಿಂದ ವಾಪಸ್ಸು ಬಂದೆ. ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಅಮ್ಮನ ಕೋಣೆಯಿಂದ ನಗು ಕೇಳಿಸಿತು. ಮಗಳ ನಗು, ಇನ್ನೊಂದು ನಗು. ಇನ್ನೊಂದು ಅಮ್ಮನದು. ಕೋಣೆಯ ಬಾಗಿಲು ಮುಚ್ಚಿತ್ತು. ನಾನು ಚಪ್ಪಲಿಯಲ್ಲೇ ನಿಂತುಬಿಟ್ಟೆ.

“ಅಜ್ಜಿ, ನೀನು ಹೇಳು ನಾ. ಚಿಕ್ಕಜ್ಜಿ ಕೇಳ್ತಾ ಇದೆ,” ಎಂದು ಮಗಳು ಕನ್ನಡದಲ್ಲಿ ಹೇಳಿದಳು. ಹತ್ತು ವರ್ಷದ ಮೇಲೆ ನಾನು ಅವಳ ಬಾಯಲ್ಲಿ ಕೇಳಿದ ಕನ್ನಡ. ‘ಕೇಳ್ತಾ ಇದಾರೆ’ ಆಗಬೇಕು ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕಿತ್ತು.

ಆಮೇಲೆ ಫೋನಿನ ಸ್ಪೀಕರಿನಲ್ಲಿ ಚಿಕ್ಕಮ್ಮನ ದನಿ. “ಅಕ್ಕಾ, ಇಲ್ಲಿ ಉಣ್ಸೆಣ್ಣು ಕುಟ್ತಾ ಅವ್ರೆ ಕನಕ್ಕ. ಈ ಸಲ ಬೋ ಪಸಂದಾಗದೆ.”

ಅದಕ್ಕೆ ಅಮ್ಮ ಮಾತಾಡಿದಳು. “ಯಾ... ಯಾವ ಮರದ್ದೆ? ಒ... ಒಲದ್ ಮರದ್ದಾ?”

“ಊ ಕನಕ್ಕ, ಒಲದ್ದೇಯ.”

“ಉಪ್ಪ್ ಆಕಿ... ಮಡ್ಗು. ಬೂಸ್ಟ್ ಇಡಿತದೆ.”

ಉಪ್ಪು ಹಾಕಿಡು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಪೂರ್ತಿ ಎರಡು ವಾಕ್ಯ. ತಡವರಿಸಿದರೂ ಒಂದು ಪದ ತಪ್ಪಿರಲಿಲ್ಲ. ನನ್ನ ಚೀಟಿಗಳು ಒಂದೂವರೆ ತಿಂಗಳಿನಲ್ಲಿ ಮಾಡಲಾರದ್ದನ್ನು ಊರಿನ ಹುಣಸೆಹಣ್ಣು ಎರಡು ನಿಮಿಷದಲ್ಲಿ ಮಾಡಿತ್ತು. ಸಂತೋಷಪಡಬೇಕಿತ್ತು ನಾನು. ಅದರ ಬದಲು ಕಿವಿ ಬಿಸಿಯಾಯಿತು. ಕೈ ತಾನಾಗಿ ಬಾಗಿಲು ನೂಕಿತು.

ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನಗು ಇನ್ನೂ ಇತ್ತು. ಏನನ್ನೋ ಹೇಳಲು ಬಾಯಿ ತೆರೆದವಳು ನನ್ನನ್ನು ಕಂಡಳು. ಬಾಯಿ ಮುಚ್ಚಿತು. ಎಡಗೈ ಹೊದಿಕೆಯ ಅಂಚನ್ನು ಹುಡುಕಿತು. ಮಗಳ ಮುಖವೂ ಅದೇ ಕ್ಷಣಕ್ಕೆ ಮುಚ್ಚಿಕೊಂಡಿತು. ಇಬ್ಬರೂ ಒಂದೇ ರೀತಿ ನನ್ನನ್ನು ನೋಡಿದರು. ಹಾಸಿಗೆಯ ಮೇಲಿದ್ದ ಫೋನಿನಲ್ಲಿ ಚಿಕ್ಕಮ್ಮ “ಅಲೋ? ಅಕ್ಕಾ? ಅಲೋ?” ಎಂದು ಕೂಗುತ್ತಲೇ ಇದ್ದಳು.

ಫೋನ್ ಎತ್ತಿಕೊಂಡು ನಡುಮನೆಗೆ ಬಂದೆ. “ಚಿಕ್ಕಮ್ಮ, ಅಮ್ಮನಿಗೆ ಕಾಯಿಲೆಯಿಂದ ಹಕಾರ ಹೋಗಿದೆ. ನೀವು ಹೀಗೆ ಮಾತಾಡಿದರೆ ಅವಳಿಗೆ ಮತ್ತೆ ಬರಲ್ಲ,” ಎಂದೆ. ದನಿ ಏರಿತ್ತು.

ಚಿಕ್ಕಮ್ಮ ಹೇಳಿದಳು: “ಎಂತಾ ಕಾಯ್ಲೆ ಮಗ? ಅದು ಕಾಯ್ಲೆ ಅಲ್ಲ, ನಮ್ ಮಾತು. ಅಕ್ಕ ಬೊಂಬಾಯ್ಗೆ ಓಗೋಗಂಟ ಇಂಗೇಯ ಮಾತಾಡ್ತಿದ್ದುದ್ದು.”

ಚಿಕ್ಕಮ್ಮ ನಿಲ್ಲಿಸಲಿಲ್ಲ. ನನ್ನ ಅಪ್ಪ ಓದಿದವರು, ಆಫೀಸಿನ ಕೆಲಸದವರು. ನಾಲ್ಕು ಜನ ಬಂದಾಗ ಹೆಂಡತಿ ‘ಆಲು ಕಾಯ್ಸ್ಲಾ’ ಅಂದರೆ ಅವರಿಗೆ ಮುಜುಗರ. “ತಿದ್ದೀ ತಿದ್ದೀ ಅವ್ಳ ಬಾಯ್ಗೆ ಬೀಗ ಆಕ್ಬುಟ್ರು ನಿಮ್ಮಪ್ಪಾರು. ಮೊದುಲ್ನೆ ಸಲ ತೌರ್ಗೆ ಬಂದಾಗ ಏನಂದ್ಲು ಗೊತ್ತಾ? ‘ಹಕ್ಕಿ ತೊಳ್ದು ಹನ್ನಕ್ಕಿಡೆ’ ಅಂದ್ಲು. ನಾವೆಲ್ಲ ಬಿದ್ ಬಿದ್ ನಕ್ಕೊ. ಅವ್ಳು ಅಟ್ಟಿ ಇಂದ್ಕೆ ಓಗಿ ಅತ್ಲು ಕನವ್ವ. ಅಲ್ಲೂ ಬೈಸ್ಕಂಡ್ಲು, ಇಲ್ಲೂ ನಗ್ಸ್ಕಂಡ್ಲು.”

ಅಕ್ಕಿಯನ್ನು ಹಕ್ಕಿ ಮಾಡಿದ ಆ ಹತ್ತೊಂಬತ್ತರ ಹುಡುಗಿಯನ್ನು ನಾನು ಕಂಡವಳಲ್ಲ. ‘ಹ’ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತಿಳಿಯದೆ ಎಲ್ಲ ಕಡೆ ಹಾಕಿಬಿಟ್ಟಿದ್ದಾಳೆ, ತಪ್ಪಾದರೆ ಬೈಗುಳ ಎಂಬ ಅಂಜಿಕೆಗೆ. ನನಗೆ ಗೊತ್ತಿದ್ದದ್ದು ಆಮೇಲಿನ ಅಮ್ಮ, ಅಂಗೈಗೆ ಗಾಳಿ ತಾಗಿಸುವ ಅಮ್ಮ. ಆ ಅಂಗೈ ಪಾಠವನ್ನು ಅವಳು ಮೊದಲು ತನಗೇ ಹೇಳಿಕೊಂಡಿರಬೇಕು, ಅಪ್ಪ ಆಫೀಸಿಗೆ ಹೋದ ಮೇಲೆ ಒಬ್ಬಳೇ ಕೂತು. ಸ್ಟ್ರೋಕ್ ಅವಳಿಂದ ‘ಹ’ ಕಿತ್ತುಕೊಂಡಿರಲಿಲ್ಲ. ಅರವತ್ತು ವರ್ಷ ಹೊತ್ತಿದ್ದದ್ದನ್ನು ಅವಳು ಕೆಳಗಿಟ್ಟಿದ್ದಳು, ನಾನು ದಿನಾ ಹತ್ತು ಗಂಟೆಗೆ ಅದನ್ನು ಮತ್ತೆ ಅವಳ ತಲೆಯ ಮೇಲೆ ಹೊರಿಸುತ್ತಿದ್ದೆ.

ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಮಗಳು ಹಿಂದೆಯೇ ಬಂದಳು. ಜಗಳಕ್ಕೆ ಸಿದ್ಧಳಾಗಿ ಬಂದಿದ್ದಳು. ಹಿಂದಿಯಲ್ಲಿ ಶುರುಮಾಡಿದವಳು ಅರ್ಧಕ್ಕೆ ನಿಲ್ಲಿಸಿ, ಪದ ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು.

“ಮಮ್ಮಿ, ನೀನು ಯಾರ್ದೂ ಮಾತು ಕೇಳಲ್ಲ. ಮಿಸ್ಟೇಕ್ ಮಾತ್ರ ಕೇಳ್ತೀಯಾ. ನಾನು ಚಿಕ್ಕವಳು ಇತ್ತು, ಆಗ್ಲೂ ಹಾಗೇ. ಅಜ್ಜಿ ಈಗ ಹೆದ್ರತ್ತೆ ನಿಂಗೆ. ನಾನು ಭೀ ಹೆದ್ರತ್ತೆ.”

ನಾಲ್ಕು ತಪ್ಪು. ಎಣಿಸಿದೆ, ಎಣಿಸದಿರಲು ಆಗಲಿಲ್ಲ. ಎಣಿಸಿದ ಮೇಲೆ ಅವಳು ಹೇಳಿದ್ದೇನೆಂದು ಅರ್ಥವಾಯಿತು. ಉತ್ತರ ಕೊಡಲು ಬಾಯಿ ತೆರೆದರೆ ಏನು ಬರುತ್ತದೋ ಎಂದು ನನ್ನ ಬಗ್ಗೆ ನನಗೇ ನಂಬಿಕೆಯಿರಲಿಲ್ಲ. ಸಿಂಕಿನಲ್ಲಿದ್ದ ಪಾತ್ರೆ ತೊಳೆಯಲು ನಿಂತೆ. ಅವಳು ಸ್ವಲ್ಪ ಹೊತ್ತು ಕಾದು ಹೊರಟುಹೋದಳು.

ಸಂಜೆ ಚೀಟಿಗಳನ್ನು ಕಿತ್ತೆ. ತಲೆದಿಂಬಿನ ಮೇಲಿನದನ್ನು ಕೀಳುವಾಗ ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ‘ಇನ್ನು ಪಾಠ ಇಲ್ಲ’ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಹೇಳಿದರೆ ಅದೂ ಒಂದು ಪಾಠದ ಹಾಗೇ ಕೇಳಿಸುತ್ತಿತ್ತು. ಚಿಕ್ಕಮ್ಮನಿಗೆ ಫೋನ್ ಹಚ್ಚಿ ಅಮ್ಮನ ಕೈಗೆ ಕೊಟ್ಟು ಹೊರಗೆ ಬಂದೆ, ಬಾಗಿಲನ್ನು ನಾನೇ ಮುಚ್ಚಿದೆ.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಮ್ಮ ಚಿಕ್ಕಮ್ಮನ ಜೊತೆ ಮಾತಾಡುತ್ತಿದ್ದಳು, ಮಗಳ ಜೊತೆ ಮಾತಾಡುತ್ತಿದ್ದಳು, ಥೆರಪಿಯ ಹುಡುಗಿಗೂ ಎರಡು ಪದ ಕೊಡುತ್ತಿದ್ದಳು. ನನಗೆ ಮಾತ್ರ ಇಲ್ಲ. ನಾನು ಒಳಗೆ ಹೋದರೆ ಕೋಣೆ ತಣ್ಣಗಾಗುತ್ತಿತ್ತು. ನಾನು ಚೀಟಿ ಕಿತ್ತದ್ದನ್ನು ನೋಡಿದ್ದಳು, ಆದರೆ ನಂಬಿರಲಿಲ್ಲ. ನಂಬಲು ನಾನು ಯಾವ ಕಾರಣ ಕೊಟ್ಟಿದ್ದೆ? ಮಗಳು ತಪ್ಪು ಮಾತಾಡಿದಾಗ ನಾನು ಸುಮ್ಮನಿದ್ದರೂ ನನ್ನ ಹುಬ್ಬು ಸುಮ್ಮನಿರುತ್ತಿರಲಿಲ್ಲ. ಒಮ್ಮೆ ಅವಳು “ಅಜ್ಜಿ ಸ್ನಾನ ಮಾಡ್ದ” ಅಂದಾಗ ನಾಲಿಗೆ ಕಚ್ಚಿಕೊಂಡು ಬಾಲ್ಕನಿಗೆ ಓಡಿದ್ದೆ. ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯಾಕೆ ಹುಷಾರಿದ್ದೀರಾ ಎಂದು ಕೇಳಿದಳು.

ಯುಗಾದಿಗೆ ನಾಲ್ಕು ದಿನವಿದ್ದಾಗ ಲೋಕಲ್ ಹತ್ತಿ ಮಾಟುಂಗಕ್ಕೆ ಹೋದೆ. ಬೇವಿನ ಹೂವು, ಮಾವಿನಕಾಯಿ ಕೊಂಡೆ. ಸಂಘಕ್ಕೆ ಹೋಗಿ ಈ ತಿಂಗಳ ಕರಡನ್ನು ಹಾಗೇ ವಾಪಸ್ಸು ಕೊಟ್ಟು, ಇನ್ನು ಬೇರೆ ಯಾರಿಗಾದರೂ ಕೊಡಿ ಎಂದೆ. ಕಾರ್ಯದರ್ಶಿ ಬೇಸರ ಪಟ್ಟುಕೊಂಡರು, ಆದರೆ ಅವರ ಮುಖದಲ್ಲಿ ಒಂದು ನಿರಾಳವೂ ಕಂಡಿತು. ಬಹುಶಃ ಅವರೂ ಬಹಳ ದಿನದಿಂದ ಕಾಯುತ್ತಿದ್ದರು. ಬರುವಾಗ ಟ್ರೇನಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬೇವಿನ ಹೂವಿನ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕೂತೆ. ತಿದ್ದುವುದಕ್ಕೆ ಏನೂ ಇಲ್ಲದ ಕೈ ಎಲ್ಲಿಡುವುದೆಂದೇ ತಿಳಿಯಲಿಲ್ಲ.

ಯುಗಾದಿಯ ಬೆಳಗ್ಗೆ ಎಣ್ಣೆ ಸ್ನಾನ. ಗಂಡ ಬಾಗಿಲಿಗೆ ತೋರಣ ಕಟ್ಟುತ್ತಿದ್ದರು. ಎದುರು ಮನೆಯ ಮರಾಠಿಯವರು ಕೋಲಿಗೆ ರೇಷ್ಮೆ ಬಟ್ಟೆ ಕಟ್ಟಿ ಹಬ್ಬದ ಗುಡಿ ನಿಲ್ಲಿಸುವ ಗಡಿಬಿಡಿಯಲ್ಲಿದ್ದರು, ಮಗಳು ಅವರಿಗೆ ಸಹಾಯಕ್ಕೆ ಹೋಗಿದ್ದಳು. ಅಮ್ಮನನ್ನು ಬಚ್ಚಲಿಗೆ ಕರೆದೊಯ್ದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂಡಿಸಿದೆ. ಅವಳ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ಹರಳೆಣ್ಣೆ ಬೆಚ್ಚಗೆ ಮಾಡಿದ್ದನ್ನು ನೆತ್ತಿಗೆ ಒತ್ತಿದೆ. ಕೂದಲು ಬಹಳ ತೆಳ್ಳಗಾಗಿತ್ತು. ಎದುರುಗೋಡೆಯ ಕನ್ನಡಿಯಲ್ಲಿ ಅವಳ ಮುಖ, ಅದರ ಮೇಲೆ ನನ್ನದು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಅರಳೆಣ್ಣೆ,” ಅಂದಳು.

ಒಂದು ತಿಂಗಳ ಮೇಲೆ ನನಗೆ ಹೇಳಿದ ಮೊದಲ ಮಾತು. ಹೇಳಿ, ಕನ್ನಡಿಯಲ್ಲಿ ನನ್ನ ಹುಬ್ಬನ್ನು ನೋಡುತ್ತ ಕಾದಳು. ಅವಳು ಬೇಕೆಂದೇ ಹೇಳಿದ್ದಾಳೆ, ಇದು ಪರೀಕ್ಷೆ, ಈ ಸಲ ನನಗೆ, ಎಂದು ತಿಳಿಯಿತು. ನನ್ನ ಬೆರಳು ಅವಳ ನೆತ್ತಿಯ ಮೇಲೆ ನಿಂತುಹೋಯಿತು. ಏನು ಹೇಳಬೇಕು? ನಾನೂ ‘ಅರಳೆಣ್ಣೆ’ ಅಂದರೆ ಅಣಕಿಸಿದಂತಾಗುತ್ತದೆ. ‘ಹರಳೆಣ್ಣೆ’ ಅಂದರೆ ಎಲ್ಲ ಮುಗಿಯಿತು.

“ಬಿಸಿ ಸಾಕಾ, ಅಮ್ಮ?” ಎಂದೆ.

ಅವಳು “ಸಾಕು” ಅಂದಳು. ಆಮೇಲೆ ಇನ್ನೇನೋ ಹೇಳಲು ಹೊರಟಳು. ಪದ ಸಿಗಲಿಲ್ಲ. “ಆ... ಆ ಕಿಟಕಿ... ಅಲ್ಲ...” ಎಂದು ನಿಂತಳು. ಕತ್ತಿನ ನರ ಉಬ್ಬಿತು. ಅವಳ ಕಣ್ಣು ಕನ್ನಡಿಯ ಕೆಳಗಿನ ಬಾಚಣಿಗೆಯ ಮೇಲಿತ್ತು, ಅದೇ ಬೇಕು ಎಂದು ನನಗೆ ಗೊತ್ತಿತ್ತು, ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ, ಕಾದೆ. ಹೇಳದೆ ಕಾಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಕೈ ನಡುಗತೊಡಗಿತು. ಕೈ ಅವಳ ತಲೆಯ ಮೇಲಿದ್ದುದರಿಂದ ಆ ನಡುಕ ಅವಳಿಗೂ ತಿಳಿಯಿತು.

ಅಮ್ಮ ಬಾಚಣಿಗೆಯನ್ನು ಹುಡುಕುವುದು ಬಿಟ್ಟಳು. ಎಡಗೈಯನ್ನು ಮೇಲೆತ್ತಿ, ತಡವಿ, ಎಣ್ಣೆಯಿಂದ ಜಾರುತ್ತಿದ್ದ ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಎದ್ರಕಬ್ಯಾಡ ಮಗ,” ಅಂದಳು. ಸ್ವಲ್ಪ ತಡೆದು, ಒಂದೊಂದೇ ಪದ ಜೋಡಿಸಿ, “ನಾ... ಬಯ್ಯಾಕಿಲ್ಲ,” ಎಂದು ಸೇರಿಸಿದಳು.

ಐವತ್ತೆಂಟು ವರ್ಷದ ನನಗೆ ಆ ಮಾತು ಬೇಕಾಗಿತ್ತೆಂದು ಅದನ್ನು ಕೇಳುವವರೆಗೂ ಗೊತ್ತಿರಲಿಲ್ಲ. “ಆಯ್ತಮ್ಮ,” ಎಂದೆ. ಅವಳು ಕೈ ಬಿಡಲಿಲ್ಲ. ಎಣ್ಣೆ ಮೊಣಕೈಗೆ ಇಳಿಯುತ್ತಿತ್ತು, ನಾನು ಹಾಗೆಯೇ ಕೂತಿದ್ದೆ.